ಮಾರಿಷಸ್, ಬಾರ್ಬಡಾಸ್: ಸಾಗುವಳಿ ಜಮೀನಿನ ಗೆರೆ ಎರಡರಲ್ಲೂ ಇಳಿಯುತ್ತಿದೆ. ಕಥೆಯೂ ಒಂದೇನಾ?

ಸಕ್ಕರೆಕಡ್ಡಿ
ಎಲ್ಲರಿಗೂ ನಮಸ್ಕಾರ. ಭಾನುವಾರ ಬೇರೆ ಕೆಲಸ ಇರಲಿಲ್ಲ. ಸುಮ್ನೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿ ತೆಗೆದುಕೊಂಡು ಎರಡು ಪುಟ್ಟ ದ್ವೀಪ ದೇಶಗಳ ಗ್ರಾಫ್ ಹಾಕಿದೆ. ನಾನು ಮಂಡ್ಯದ ಕಡೆಯವನು, ಹಾಗಾಗಿ ಕಬ್ಬಿನ ದೇಶಗಳನ್ನೇ ಆರಿಸಿದೆ ಅಂತ ಬೇರೆ ಹೇಳಬೇಕಿಲ್ಲ.

ಮಾರಿಷಸ್ 2,040 ಚದರ ಕಿ.ಮೀ. ಬಾರ್ಬಡಾಸ್ 430. ಎರಡನ್ನೂ ಸೇರಿಸಿದರೆ ನಮ್ಮ ಮಂಡ್ಯ ಜಿಲ್ಲೆಯ ಅರ್ಧ.

1990ರ ದಶಕದಲ್ಲಿ ಮಾರಿಷಸ್‌ನಲ್ಲಿ ಉಳುಮೆ ಜಮೀನು ಸುಮಾರು 1 ಲಕ್ಷ ಹೆಕ್ಟೇರ್. ಅಂದರೆ ದೇಶದ ಅರ್ಧ ನೆಲ. 2010ರ ನಂತರ ಅದು 75 ಸಾವಿರದ ಆಸುಪಾಸು. ಬಾರ್ಬಡಾಸ್‌ನಲ್ಲಿ ದಶಕಗಳ ಕಾಲ 16 ಸಾವಿರ ಹೆಕ್ಟೇರ್ ಇದ್ದದ್ದು ಈಗ 7 ಸಾವಿರದ ಹತ್ತಿರ. ತೋಟದ ಬೆಳೆಗಳನ್ನು ಸೇರಿಸಿದರೂ ಚಿತ್ರ ಬದಲಾಗುವುದಿಲ್ಲ, ಅವು ಎರಡೂ ಕಡೆ ಕಡಿಮೆ.

ಎರಡೂ ಒಂದು ಕಾಲದಲ್ಲಿ ಬ್ರಿಟಿಷರ ಸಕ್ಕರೆ ದ್ವೀಪಗಳು. ಎರಡರ ಗೆರೆಯೂ ಕೆಳಗೆ. ನನ್ನ ತೀರ್ಮಾನ ಇಷ್ಟೇ: ಪ್ರವಾಸೋದ್ಯಮ ಬಂತು, ರೆಸಾರ್ಟ್ ಬಂತು, ಹೊಲ ಹೋಯಿತು. ಸರಿನಾ?

ಬಿಸಿಲುಕುದುರೆ
ಸರಿ. ಹನಿಮೂನ್‌ಗೆ ಹೋದವರೆಲ್ಲ ಸೇರಿ ಕಬ್ಬು ತಿಂದು ಮುಗಿಸಿದ್ದಾರೆ. ಚರ್ಚೆ ಮುಗೀತು, ಬೀಗ ಹಾಕಿ.

ಗೆರೆಗಣಿತ
ಇನ್ನೂ ಶುರುವೇ ಆಗಿಲ್ಲ. ಸಕ್ಕರೆಕಡ್ಡಿ, ನೀವು ಹಾಕಿರುವ ಗ್ರಾಫ್‌ನಲ್ಲಿ ಬಾರ್ಬಡಾಸ್ ಗೆರೆ ಮೆಟ್ಟಿಲಿನ ಥರ ಇದೆ, ನೋಡಿ. ಅದು ಯಾಕೆ ಗೊತ್ತಾ? ಅಂಕಿಗಳನ್ನು ಸಾವಿರ ಹೆಕ್ಟೇರ್‌ಗೆ ದುಂಡು ಮಾಡಿ ಬರೆದಿರುವುದರಿಂದ. ದೇಶದ ಒಟ್ಟು ನೆಲವೇ 43 ಸಾವಿರ ಹೆಕ್ಟೇರ್. ಅದರಲ್ಲಿ ಒಂದು ಸಾವಿರ ಅಂದರೆ ಶೇ 2.3. ಒಬ್ಬ ಗುಮಾಸ್ತ 10.4 ಅನ್ನು 10 ಅಂತಲೂ 10.6 ಅನ್ನು 11 ಅಂತಲೂ ಬರೆದರೆ ನಿಮ್ಮ ಶೇಕಡಾವಾರು ಗೆರೆ ಎರಡು ಅಂಶ ಜಿಗಿಯುತ್ತದೆ. ಹೊಲದಲ್ಲಿ ಏನೂ ಆಗಿರುವುದಿಲ್ಲ.

ಇದಕ್ಕಿಂತ ದೊಡ್ಡ ಅನುಮಾನ ನನಗೆ ಆ ಚಪ್ಪಟೆ ಭಾಗದ ಮೇಲೆ. 1961ರಿಂದ ದಶಕಗಟ್ಟಲೆ 16 ಸಾವಿರ, 16 ಸಾವಿರ, 16 ಸಾವಿರ. ಅದೇ ಅವಧಿಯಲ್ಲಿ ಅಲ್ಲಿನ ಸಕ್ಕರೆ ಉತ್ಪಾದನೆ ಎಷ್ಟು ಬಿತ್ತು ಅಂತ ನೋಡಿದ್ದೀರಾ? 1957ರಲ್ಲಿ 2 ಲಕ್ಷ ಟನ್ ದಾಟಿತ್ತು. ಈಚೆಗೆ 10 ಸಾವಿರ ಟನ್ ಕೂಡ ಆಗುತ್ತಿಲ್ಲ. ಸಕ್ಕರೆ ಹಾಗೆ ಜಾರುತ್ತಿದ್ದಾಗ ಜಮೀನು ನಲವತ್ತು ವರ್ಷ ಅಲ್ಲಾಡದೆ ಕೂತಿತ್ತು ಅಂದರೆ ನಂಬುತ್ತೀರಾ? ಯಾರೂ ಹೊಸದಾಗಿ ಅಳೆಯದಿದ್ದರೆ ಹಳೆಯ ಸಂಖ್ಯೆಯೇ ಮುಂದಿನ ವರ್ಷಕ್ಕೂ ಹೋಗುತ್ತದೆ. ಚಪ್ಪಟೆ ಗೆರೆ ಕಂಡಾಗ ನಾನು ಮೊದಲು ಯೋಚಿಸುವುದು ಇದನ್ನೇ.

ಕೂಳೆಕಬ್ಬು
ನಮ್ಮ ಪಹಣಿ ಥರ. ನಮ್ಮ ಒಂದು ತುಂಡು ಜಮೀನಿನಲ್ಲಿ ಆರು ವರ್ಷದಿಂದ ಕಬ್ಬು ಇದೆ. ಪಹಣಿಯ ಬೆಳೆ ಕಾಲಂನಲ್ಲಿ ಬಹಳ ವರ್ಷ ರಾಗಿ ಅಂತಲೇ ಬರುತ್ತಿತ್ತು. ನಾನೂ ಹೋಗಿ ಕೇಳಲಿಲ್ಲ, ಅವರೂ ಬಂದು ನೋಡಲಿಲ್ಲ. ಇಬ್ಬರಿಗೂ ಆರಾಮು.

ಸಕ್ಕರೆಕಡ್ಡಿ
ಹಾಗಾದರೆ ಇಳಿದದ್ದೇ ಸುಳ್ಳಾ?

ಗೆರೆಗಣಿತ
ಇಳಿದದ್ದು ನಿಜ. ಯಾವಾಗ ಇಳಿಯಿತು ಅನ್ನುವುದು ಅನುಮಾನ. ಬಹುಶಃ ಮೆಲ್ಲಗೆ ಇಳಿಯುತ್ತಾ ಬಂದದ್ದನ್ನು ಕೊನೆಗೊಂದು ದಿನ ಒಟ್ಟಿಗೆ ಬರೆದುಕೊಂಡಿದ್ದಾರೆ.

ಇನ್ನೊಂದು ವಿಷಯ. ‘ಉಳುಮೆ ಜಮೀನು’ ಅಂದರೆ ಬೆಳೆ ನಿಂತಿರುವ ಜಮೀನು ಅಂತಲ್ಲ. ಎಫ್‌ಎಒ ಲೆಕ್ಕದಲ್ಲಿ ವಾರ್ಷಿಕ ಬೆಳೆಗಳ ಜಮೀನು, ತರಕಾರಿ ಹಿತ್ತಲು, ಕುಯ್ದು ಹಾಕುವ ಮೇವಿನ ಹುಲ್ಲು, ಜೊತೆಗೆ ಐದು ವರ್ಷಕ್ಕಿಂತ ಕಡಿಮೆ ಕಾಲ ಬೀಳು ಬಿಟ್ಟ ಜಮೀನು, ಎಲ್ಲವೂ ಸೇರುತ್ತವೆ. ಐದು ವರ್ಷ ದಾಟಿದರೆ ತೆಗೆಯಬೇಕು. ತೆಂಗು, ಟೀ, ಹಣ್ಣಿನ ಮರಗಳು ‘ಕಾಯಂ ಬೆಳೆ’ ಅಂತ ಬೇರೆ ಖಾತೆಗೆ ಹೋಗುತ್ತವೆ. ಎರಡನ್ನೂ ಕೂಡಿಸಿದರೆ ಸಾಗುವಳಿ ಜಮೀನು.

ಈಗ ಒಂದು ಲೆಕ್ಕ ಮಾಡಿ. ಮಾರಿಷಸ್‌ನಲ್ಲಿ ಸಾಗುವಳಿ 75 ಸಾವಿರದ ಮೇಲೆ ಅಂತ ನಿಮ್ಮ ಗ್ರಾಫ್ ಹೇಳುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿ ಕಬ್ಬು ಕಟಾವಾಗುವುದು ಸುಮಾರು 40 ಸಾವಿರ ಹೆಕ್ಟೇರ್‌ನಲ್ಲಿ. 1980ರ ಸುಮಾರಿಗೆ ಇದ್ದದ್ದರ ಅರ್ಧ. ತರಕಾರಿ, ಆಲೂಗಡ್ಡೆ ಎಲ್ಲ ಸೇರಿ ಇನ್ನೊಂದಷ್ಟು ಸಾವಿರ. ಉಳಿದದ್ದು ಎಲ್ಲಿ?

ಬಿಸಿಲುಕುದುರೆ
ಹನಿಮೂನ್‌ನವರು... ಸರಿ ಸರಿ, ಸುಮ್ಮನಾದೆ.

ಮೋಕಾ_ರಸ್ತೆ
ಈ ಚರ್ಚೆಗೆ ಬರಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ನಾನು ಮೂರು ವರ್ಷ ಮಾರಿಷಸ್‌ನ ಎಬೆನ್‌ನಲ್ಲಿ ಕೆಲಸ ಮಾಡಿದ್ದೇನೆ. ಎಬೆನ್ ಅಂದರೆ ಅಲ್ಲಿನ ಸೈಬರ್ ಸಿಟಿ, ಭಾರತದ ಸಾಲದ ನೆರವಿನಿಂದ 2000ದ ದಶಕದ ಮೊದಲಲ್ಲಿ ಕಟ್ಟಿದ್ದು. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಕಬ್ಬು. ನಮ್ಮ ಆಫೀಸಿನ ಹಿಂದಿನ ಕಿಟಕಿಯಿಂದ ನೋಡಿದರೆ ಸ್ವಲ್ಪ ದೂರದಲ್ಲಿ ಇನ್ನೂ ಹೊಲ ಕಾಣುತ್ತಿತ್ತು. ಅಲ್ಲಿನ ಕ್ರಿಯೋಲ್ ಭಾಷೆಯಲ್ಲಿ ಕಬ್ಬಿನ ಹೊಲಕ್ಕೆ ‘ಕಾರೋ ಕಾನ್’ ಅನ್ನುತ್ತಾರೆ.

ಬೀಳು ಬಿಟ್ಟ ಹೊಲ ಹೇಗಿರುತ್ತದೆ ಅಂತ ಹೇಳುತ್ತೇನೆ. ಮೊದಲು ಕಾಣುವುದು ಕಲ್ಲು. ಅದು ಜ್ವಾಲಾಮುಖಿಯ ದ್ವೀಪ, ನೆಲದ ತುಂಬ ಕಪ್ಪು ಬಂಡೆಗಳು. ನೂರೈವತ್ತು ವರ್ಷ ಕೂಲಿಗಳು ಕೈಯಲ್ಲೇ ಆರಿಸಿ ಹೊಲದ ಮಧ್ಯೆ ರಾಶಿ ಹಾಕಿದ್ದಾರೆ. ಕೆಲವು ರಾಶಿ ಎರಡಂತಸ್ತಿನ ಮನೆಯಷ್ಟು ಎತ್ತರ, ಪಿರಮಿಡ್ ಥರ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದು. ಕಬ್ಬು ಇದ್ದಾಗ ಅರ್ಧ ರಾಶಿ ಮುಚ್ಚಿಹೋಗಿರುತ್ತದೆ. ಬೀಳು ಬಿದ್ದ ಹೊಲದಲ್ಲಿ ಮೇಲೆ ಬಳ್ಳಿ ಹಬ್ಬುತ್ತದೆ, ಸುತ್ತ ಹುಲ್ಲು, ಜಾಲಿಯಂಥ ಗಿಡ. ನಡುನಡುವೆ ಹಳೆಯ ಕಬ್ಬಿನ ಬುಡದಿಂದ ತಾನಾಗಿ ಚಿಗುರಿದ ಜಲ್ಲೆಗಳು. ಬಸ್ಸಿನಿಂದ ನೋಡಿದರೆ ಕಬ್ಬು ಅಂತಲೇ ಅನಿಸುತ್ತದೆ. ಇಳಿದು ಹೋದರೆ ಗೊತ್ತಾಗುತ್ತದೆ, ಬೆರಳಿನಷ್ಟು ದಪ್ಪ.

ಗೆರೆಗಣಿತ ಕೇಳಿದ ಉಳಿದ ಜಮೀನಿನಲ್ಲಿ ದೊಡ್ಡ ಪಾಲು ಹೀಗೇ ಬಿದ್ದಿದೆ ಅಂತ ನನ್ನ ಲೆಕ್ಕ. ಕಾಗದದಲ್ಲಿ ಬೀಳು, ಕಣ್ಣಿಗೆ ಹಸಿರು.

ಕೂಳೆಕಬ್ಬು
ಅದು ಕೂಳೆ. ಒಂದು ಸಲ ತುಂಡು ನೆಟ್ಟರೆ ಕಡಿದ ಮೇಲೂ ಬುಡ ಚಿಗುರುತ್ತದೆ. ನಾವು ಎರಡು ಮೂರು ಕೂಳೆ ತೆಗೆದು ಉತ್ತುಬಿಡುತ್ತೇವೆ. ಅಲ್ಲಿ ಎಷ್ಟು ತೆಗೆಯುತ್ತಾರೆ?

ಮೋಕಾ_ರಸ್ತೆ
ಏಳು ಎಂಟು ಮಾಮೂಲು. ಅದಕ್ಕಿಂತ ಹೆಚ್ಚೂ ಕೇಳಿದ್ದೇನೆ. ಮತ್ತೆ ನೆಡುವ ಖರ್ಚು ಯಾರಿಗೆ ಬೇಕು? ಹಾಗಾಗಿ ಕೈಬಿಡುವುದು ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಗೊಬ್ಬರ ಬಿಡುತ್ತಾರೆ. ಆಮೇಲೆ ಕಳೆ ತೆಗೆಸುವುದು ಬಿಡುತ್ತಾರೆ. ಒಂದು ವರ್ಷ ಕಡಿಯಲು ಜನ ಸಿಗುವುದಿಲ್ಲ. ಮುಂದಿನ ವರ್ಷ ಹೊಲದ ಕಡೆ ಹೋಗುವುದೇ ಇಲ್ಲ. ಇದರಲ್ಲಿ ಯಾವ ದಿನಾಂಕದಂದು ‘ಸಾಗುವಳಿ ನಿಂತಿತು’ ಅಂತ ಬರೆಯುತ್ತೀರಿ?

ಹಳೇಪುಸ್ತಕ
ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ, ಬೇಡದವರು ದಾಟಿ ಹೋಗಿ.

ಮಾರಿಷಸ್‌ಗೆ ಕಬ್ಬು ತಂದವರು ಡಚ್ಚರು, 1639ರಲ್ಲಿ. ಅವರು 1710ರಲ್ಲಿ ದ್ವೀಪ ಬಿಟ್ಟು ಹೋದರು. ಫ್ರೆಂಚರು ಬಂದು ಗಾಣ ಹಾಕಿದರು. 1810ರಲ್ಲಿ ಬ್ರಿಟಿಷರು ಗೆದ್ದರು. ಆದರೆ ಜಮೀನು ವಿಸ್ತಾರವಾದದ್ದು 1825ರ ನಂತರ. ಅಲ್ಲಿಯವರೆಗೆ ಬ್ರಿಟನ್‌ನಲ್ಲಿ ವೆಸ್ಟ್ ಇಂಡೀಸ್ ಸಕ್ಕರೆಗೆ ಕಡಿಮೆ ಸುಂಕ, ಮಾರಿಷಸ್ ಸಕ್ಕರೆಗೆ ಜಾಸ್ತಿ. ಆ ವರ್ಷ ಎರಡಕ್ಕೂ ಒಂದೇ ಸುಂಕ ಮಾಡಿದರು. ಕಾಡು ಕಡಿದು ಕಬ್ಬು ಹಾಕಿದರು. ಗುಲಾಮಗಿರಿ ರದ್ದಾಗುತ್ತಿದ್ದ ಹಾಗೆ 1834ರಿಂದ ಭಾರತದ ಕರಾರು ಕೂಲಿಗಳು ಬರತೊಡಗಿದರು. ಮುಂದಿನ ದಶಕಗಳಲ್ಲಿ ಬಂದವರು ನಾಲ್ಕೂವರೆ ಲಕ್ಷದಷ್ಟು. ರಾಜಧಾನಿ ಪೋರ್ಟ್ ಲೂಯಿಯಲ್ಲಿ ಕೂಲಿಗಳನ್ನು ಇಳಿಸುತ್ತಿದ್ದ ಅಪ್ರವಾಸಿ ಘಾಟ್‌ನ ಮೆಟ್ಟಿಲು ಹತ್ತಿದವರು ಅವರೇ. ಭೋಜಪುರಿ, ತಮಿಳು, ತೆಲುಗು, ಮರಾಠಿ ಮಾತಾಡುವವರು.

ಬಾರ್ಬಡಾಸ್ ಇನ್ನೂ ಹಳೆಯದು. 1640ರ ದಶಕದಲ್ಲಿ ಸಕ್ಕರೆ ಶುರು. ಇಪ್ಪತ್ತು ಮೂವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಇಡೀ ದ್ವೀಪದ ಕಾಡು ಖಾಲಿ. ಆಫ್ರಿಕಾದಿಂದ ತಂದ ಗುಲಾಮರ ದುಡಿಮೆ.

ಈಗ ನನ್ನ ಮುಖ್ಯ ಮಾತು. ಎರಡು ದ್ವೀಪಗಳೂ ಬೇರೆಯಾದದ್ದು ಇಲ್ಲಿ. ಮಾರಿಷಸ್‌ನಲ್ಲಿ 1870ರ ದಶಕದ ಹೊತ್ತಿಗೆ ಸಕ್ಕರೆ ಬೆಲೆ ಬಿದ್ದಾಗ ಎಸ್ಟೇಟ್ ಮಾಲೀಕರು ಅಂಚಿನ ಜಮೀನನ್ನು ತುಂಡು ಮಾಡಿ ಮಾರತೊಡಗಿದರು. ಇದಕ್ಕೆ ಫ್ರೆಂಚ್‌ನಲ್ಲಿ ‘ಮೊರ್ಸೆಲ್‌ಮಾಂ’ ಅಂತ ಹೆಸರು, ತುಂಡು ಮಾಡುವುದು ಅಂತಲೇ ಅರ್ಥ. ಕೊಂಡವರು ಹಳೆಯ ಕೂಲಿಗಳು. ಹಾಗಾಗಿ ಸಣ್ಣ ರೈತರ ಒಂದು ವರ್ಗವೇ ಹುಟ್ಟಿತು. ಬಾರ್ಬಡಾಸ್‌ನಲ್ಲಿ ಬಿಡುಗಡೆಯಾದವರಿಗೆ ಕೊಳ್ಳಲು ನೆಲವೇ ಇರಲಿಲ್ಲ. ಎಲ್ಲ ಪ್ಲಾಂಟೇಷನ್‌ಗಳ ಕೈಯಲ್ಲಿ. ಅವರು ಪ್ಲಾಂಟೇಷನ್ ಅಂಚಿನಲ್ಲೇ ಬಾಡಿಗೆ ನೆಲದ ಮೇಲೆ ಮರದ ಮನೆ ಕಟ್ಟಿಕೊಂಡರು. ಅಡಿಪಾಯ ಇಲ್ಲ, ಬಿಡಿ ಕಲ್ಲುಗಳ ಮೇಲೆ ಕೂರಿಸಿದ್ದು. ಮಾಲೀಕ ಎಬ್ಬಿಸಿದರೆ ಮನೆ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗುವುದು. ಆ ನೆಲ ಕೊಳ್ಳುವ ಹಕ್ಕು ಕಾನೂನಾಗಿ ಬಂದದ್ದು 1980ರಲ್ಲಿ.

ಆದ್ದರಿಂದ ಒಂದೇ ಥರ ಇಳಿಯುವ ಎರಡು ಗೆರೆಗಳ ಹಿಂದೆ ಕೈಬಿಟ್ಟವರು ಬೇರೆ ಬೇರೆ ಜನ.

ಟೊರೊಂಟೊ_ಗೌಡ್ತಿ
ಹಳೇಪುಸ್ತಕ ಅವರ ಆ ಮನೆ ನಾನು ನೋಡಿದ್ದೇನೆ! ಈಗ ಬಣ್ಣ ಹಚ್ಚಿ ಚೆಂದ ಮಾಡಿದ್ದಾರೆ, ಪ್ರವಾಸಿಗರು ಫೋಟೊ ಹೊಡೆಯುತ್ತಾರೆ. ನಮ್ಮ ಪಕ್ಕದ ಮನೆಯಾಕೆ ಬಾರ್ಬಡಾಸ್‌ನವರು. ಅವರ ಜೊತೆ ಒಮ್ಮೆ ಹತ್ತು ದಿನ ಹೋಗಿದ್ದೆ.

ಮಾರಿಷಸ್‌ನ ಕಲ್ಲಿನ ಕಥೆ ಇಲ್ಲಿ ಇಲ್ಲ. ಇದು ಹವಳದ ಸುಣ್ಣಕಲ್ಲಿನ ದ್ವೀಪ, ಮೇಲೆ ತೆಳ್ಳಗೆ ಮಣ್ಣು. ಈಶಾನ್ಯದಲ್ಲಿ ಸ್ಕಾಟ್ಲೆಂಡ್ ಜಿಲ್ಲೆ ಅಂತ ಕರೆಯುವ ಕಡೆ ಮಾತ್ರ ಹವಳದ ಪದರ ಸವೆದು ಜೇಡಿ ಬೆಟ್ಟಗಳು. ಮಳೆಗೆ ಜಾರುತ್ತದೆ. ಕಬ್ಬಿನ ಬೇರು ಅಲ್ಲಿ ಮಣ್ಣು ಹಿಡಿದುಕೊಳ್ಳುತ್ತಿತ್ತಂತೆ. ಈಗ ಎಷ್ಟೋ ಕಡೆ ಒಣ ಹುಲ್ಲು, ಬೇಸಗೆಯಲ್ಲಿ ಬೆಂಕಿ. ಪಕ್ಕದ ಮನೆಯಾಕೆ ಕಾರು ನಿಲ್ಲಿಸಿ ‘ಇದು ಅಜ್ಜಿ ಕಬ್ಬು ಕಟ್ಟುತ್ತಿದ್ದ ಹೊಲ’ ಅಂತ ತೋರಿಸಿದರು. ಎದೆಮಟ್ಟದ ಹುಲ್ಲು. ಅದರ ಮಧ್ಯೆ ಮನೆ ಕಟ್ಟಲು ಸೈಟ್ ಮಾರಾಟಕ್ಕಿದೆ ಅನ್ನುವ ಬೋರ್ಡ್.

ದ್ವೀಪದಲ್ಲಿ ಈಗ ನಡೆಯುವ ಸಕ್ಕರೆ ಕಾರ್ಖಾನೆ ಒಂದೇ, ಪೋರ್ಟ್‌ವೇಲ್. ಅದೂ ವರ್ಷದಲ್ಲಿ ಕೆಲವೇ ತಿಂಗಳು. ರಮ್‌ಗೆ ಹೆಸರಾದ ದೇಶ ರಮ್ ಮಾಡಲು ಕಾಕಂಬಿಯನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ! ಇನ್ನು ‘ಕ್ರಾಪ್ ಓವರ್’ ಅಂತ ದೊಡ್ಡ ಹಬ್ಬ, ಆಗಸ್ಟ್ ಮೊದಲ ಸೋಮವಾರ ಮುಗಿಯುತ್ತದೆ. ಕಬ್ಬಿನ ಕಟಾವು ಮುಗಿದಾಗ ಪ್ಲಾಂಟೇಷನ್‌ಗಳಲ್ಲಿ ನಡೆಯುತ್ತಿದ್ದ ಸುಗ್ಗಿ. ನಡುವೆ ನಿಂತುಹೋಗಿ 1974ರಲ್ಲಿ ಮತ್ತೆ ಶುರುವಾಯಿತು. ಸುಗ್ಗಿ ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದೆ, ಕಬ್ಬು ಮಾತ್ರ ಇಲ್ಲ.

ಬಿಸಿಲುಕುದುರೆ
ಇದು ನಮಗೆ ಹೊಸದೇನಲ್ಲ. ಬೆಂಗಳೂರಲ್ಲಿ ಸಂಕ್ರಾಂತಿಗೆ ಕಬ್ಬಿನ ಜಲ್ಲೆ ಆ್ಯಪ್‌ನಲ್ಲಿ ಬರುತ್ತೆ, ಎಳ್ಳುಬೆಲ್ಲದ ಸಮೇತ.

ಗಂಭೀರವಾಗಿ ಒಂದು ಪ್ರಶ್ನೆ. ಇಬ್ಬರೂ ‘ಸೈಟ್’, ‘ಸೈಬರ್ ಸಿಟಿ’ ಅನ್ನುತ್ತಿದ್ದೀರಿ. ಹಾಗಾದರೆ ಸಕ್ಕರೆಕಡ್ಡಿ ಹೇಳಿದ್ದೇ ಸರಿಯಾಯಿತಲ್ವಾ? ಕಟ್ಟಡ ಬಂತು, ಹೊಲ ಹೋಯಿತು.

ಮೋಕಾ_ರಸ್ತೆ
ಹಿಂದುಮುಂದಾಗಿದೆ. ಹೊಲ ಲಾಭ ಕೊಡುವುದು ನಿಂತ ಮೇಲೆ ಕಟ್ಟಡ ಬಂತು.

ಸಕ್ಕರೆಗೆ ಅಲ್ಲಿ ಇದ್ದದ್ದು ಮಾರುಕಟ್ಟೆ ಬೆಲೆಯಲ್ಲ, ಒಪ್ಪಂದದ ಬೆಲೆ. 1975ರ ಲೋಮೆ ಒಪ್ಪಂದ ಅಂತ, ಯುರೋಪ್ ತನ್ನ ಹಳೆಯ ವಸಾಹತುಗಳ ಜೊತೆ ಮಾಡಿಕೊಂಡದ್ದು. ಅದರ ಸಕ್ಕರೆ ನಿಯಮದಲ್ಲಿ ಯುರೋಪ್ ಇಂತಿಷ್ಟು ಟನ್ ಇಂತಿಷ್ಟು ಬೆಲೆಗೆ ಕೊಳ್ಳುತ್ತೇನೆ ಅಂತ ಮಾತು ಕೊಟ್ಟಿತ್ತು. ಮಾರಿಷಸ್‌ಗೆ ಸಿಕ್ಕ ಪಾಲು ಎಲ್ಲರಿಗಿಂತ ದೊಡ್ಡದು, ಸುಮಾರು 5 ಲಕ್ಷ ಟನ್. ಬಾರ್ಬಡಾಸ್‌ಗೆ ಸುಮಾರು 50 ಸಾವಿರ. ಬೆಲೆ ಎಷ್ಟೋ ವರ್ಷ ಜಗತ್ತಿನ ಮಾರುಕಟ್ಟೆಯ ಎರಡು ಮೂರು ಪಟ್ಟು. ಆ ಬೆಲೆ ಇದ್ದದ್ದರಿಂದ ಕಲ್ಲಿನ ಮೇಲೂ ಕಬ್ಬು ಬೆಳೆದರು. 2005ರಲ್ಲಿ ಯುರೋಪ್ ಶೇ 36 ಕಡಿತ ಘೋಷಿಸಿತು. ಟನ್ನಿಗೆ 523 ಯೂರೊ ಇದ್ದದ್ದು ಹಂತಹಂತವಾಗಿ 335ಕ್ಕೆ ಇಳಿಯಿತು. 2009ಕ್ಕೆ ನಿಯಮವೇ ಮುಗಿಯಿತು. ನಿಮ್ಮ ಗ್ರಾಫ್‌ನಲ್ಲಿ ಮಾರಿಷಸ್ ಗೆರೆ ಜಾರುವುದು ಯಾವಾಗ, ನೋಡಿ.

ರೆಸಾರ್ಟ್ ಇದೆ, ಇಲ್ಲ ಅನ್ನುವುದಿಲ್ಲ. 2002ರಿಂದ ವಿದೇಶಿಯರಿಗೆ ವಿಲ್ಲಾ ಮಾರುವ ಯೋಜನೆ ಬಂತು. ಎಸ್ಟೇಟ್‌ಗಳು ಸಮುದ್ರದ ಕಡೆಯ ಜಮೀನನ್ನು ಗಾಲ್ಫ್‌ಗೂ ವಿಲ್ಲಾಗೂ ಕೊಟ್ಟವು. ಆದರೆ ಒಳನಾಡಿನಲ್ಲಿ ಗುಡ್ಡದ ಪಕ್ಕ ಬಿದ್ದಿರುವ ಎರಡು ಎಕರೆ ತುಂಡನ್ನು ಯಾವ ಹೋಟೆಲಿನವನು ಕೇಳುತ್ತಾನೆ?

ಕೂಳೆಕಬ್ಬು
ಕಡಿಯುವವರ ಕಥೆ ಏನು? ನಮ್ಮಲ್ಲಿ ಕಬ್ಬು ಬೆಳೆಯುವುದು ಕಷ್ಟವಲ್ಲ, ಕಡಿಸುವುದು ಕಷ್ಟ. ಗ್ಯಾಂಗ್ ಸಿಗದೆ ಹೋದ ಸಲ ನಮ್ಮದು ತೂಕ ಕಳೆದುಕೊಂಡು ನಿಂತಿತ್ತು. ಹೂವು ಬಿಟ್ಟು ನಿಂತ ಕಬ್ಬು ನೋಡುವುದಕ್ಕೆ ಚೆಂದ, ಹೊಟ್ಟೆ ಉರಿಯುತ್ತೆ ಅಷ್ಟೇ.

ಮೋಕಾ_ರಸ್ತೆ
ಅದೇ ಕಥೆ. ದೊಡ್ಡ ಎಸ್ಟೇಟ್‌ಗಳು ಯಂತ್ರದಿಂದ ಬಂಡೆ ತೆಗೆಸಿ, ನೆಲ ಸಮ ಮಾಡಿ, ಕಟಾವು ಯಂತ್ರ ಇಳಿಸಿದವು. ಸಣ್ಣ ರೈತನ ತುಂಡಿನಲ್ಲಿ ಕಲ್ಲು ಹಾಗೇ ಇದೆ. ಯಂತ್ರ ಹೋಗುವುದಿಲ್ಲ. ಕೈಯಲ್ಲಿ ಕಡಿಯುವವರಿಗೆ ವಯಸ್ಸಾಯಿತು. ಮಕ್ಕಳು ಬ್ಯಾಂಕು, ಹೋಟೆಲು, ಸರ್ಕಾರಿ ನೌಕರಿ. ನನ್ನ ಮನೆ ಮಾಲೀಕರ ತಂದೆ ಕಬ್ಬು ಕಡಿದು ಮೂರು ಮಕ್ಕಳನ್ನು ಓದಿಸಿದವರು. ಆ ಮೂವರಲ್ಲಿ ಒಬ್ಬರೂ ಹೊಲಕ್ಕೆ ಇಳಿದವರಲ್ಲ. ಮುದುಕರು ಅದನ್ನು ದೂರು ಹೇಳುವ ಥರ ಹೇಳುತ್ತಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದರು. ಕಬ್ಬು ಬೆಳೆಯುವ ಸಣ್ಣ ರೈತರ ಸಂಖ್ಯೆ ಇಪ್ಪತ್ತು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದಿದೆ.

ಇನ್ನೊಂದು ಹೇಳಲು ಮರೆತೆ. 2001ರಲ್ಲಿ ಎಸ್ಟೇಟ್ ಕೂಲಿಗಳಿಗೆ ಸ್ವಯಂ ನಿವೃತ್ತಿ ಯೋಜನೆ ಬಂತು. ದುಡ್ಡಿನ ಜೊತೆ ಏಳು ‘ಪರ್ಷ್’ ನೆಲ ಕೊಟ್ಟರು, ಮನೆ ಕಟ್ಟಿಕೊಳ್ಳಲು. ನಮ್ಮ 30x40 ಸೈಟ್ ಲೆಕ್ಕದಲ್ಲಿ ಎರಡೂವರೆಗಿಂತ ಸ್ವಲ್ಪ ಜಾಸ್ತಿ. ನಿವೃತ್ತಿ ಪಡೆದವರು ಸಾವಿರಾರು ಜನ. ಆ ನೆಲ ಎಲ್ಲಿಂದ ಬಂತು ಅಂದುಕೊಂಡಿರಿ? ಕಬ್ಬಿನ ಹೊಲದಿಂದಲೇ. ಕಬ್ಬು ಕಡಿಯುವವನನ್ನು ಮನೆಗೆ ಕಳಿಸಲು ಕಬ್ಬಿನ ಹೊಲವನ್ನೇ ಕೊಟ್ಟರು. ಆ ಬಡಾವಣೆಗಳನ್ನೂ ‘ಮೊರ್ಸೆಲ್‌ಮಾಂ’ ಅಂತಲೇ ಕರೆಯುತ್ತಾರೆ. ಮುತ್ತಜ್ಜ ಹೊಲ ಮಾಡಲು ಕೊಂಡದ್ದೂ ಮೊರ್ಸೆಲ್‌ಮಾಂ, ಮೊಮ್ಮಗ ಮನೆ ಕಟ್ಟಿದ್ದೂ ಮೊರ್ಸೆಲ್‌ಮಾಂ.

ಗೆರೆಗಣಿತ
ಪರ್ಷ್ ಅಂದಿದ್ದು ಒಳ್ಳೆಯದಾಯಿತು. ಹಳೆಯ ಅಂಕಿ ಹುಡುಕುವವರಿಗೆ ಎಚ್ಚರಿಕೆ: ಮಾರಿಷಸ್‌ನ ದಾಖಲೆಗಳಲ್ಲಿ ಜಮೀನು ‘ಆರ್ಪಾಂ’ ಲೆಕ್ಕದಲ್ಲಿ ಇರುತ್ತದೆ. ನೂರು ಪರ್ಷ್‌ಗೆ ಒಂದು ಆರ್ಪಾಂ. ಅದು 4,221 ಚದರ ಮೀಟರ್. ಎಕರೆ 4,047. ನಮ್ಮ ಲೆಕ್ಕದಲ್ಲಿ ಒಂದು ಆರ್ಪಾಂ ಅಂದರೆ 1 ಎಕರೆ ಒಂದೂಮುಕ್ಕಾಲು ಗುಂಟೆ. ಬಾರ್ಬಡಾಸ್‌ನಲ್ಲಿ ಎಲ್ಲ ಎಕರೆ. ಆರ್ಪಾಂ ಅನ್ನು ಎಕರೆ ಅಂತ ತಿಳಿದು ಹೆಕ್ಟೇರ್‌ಗೆ ತಿರುಗಿಸಿದರೆ ಶೇ 4ರಷ್ಟು ಹೊಲ ಕಾಗದದಲ್ಲೇ ಮಾಯ. ದ್ವೀಪದಷ್ಟು ಲೆಕ್ಕದಲ್ಲಿ ಅದು ಮೂರು ನಾಲ್ಕು ಸಾವಿರ ಹೆಕ್ಟೇರ್.

ಸಕ್ಕರೆಕಡ್ಡಿ
ಅಯ್ಯೋ. ನಾನು 1930ರ ದಶಕದ ಒಂದು ಅಂಕಿಯನ್ನೂ ಗೆರೆಗೆ ಜೋಡಿಸಬೇಕು ಅಂತಿದ್ದೆ. ಎಕರೆ ಅಂತಲೇ ತಿರುಗಿಸಿಟ್ಟಿದ್ದೇನೆ. ಅದಕ್ಕೇ ಒಂದು ಕಡೆ ಗೆರೆ ಸುಮ್ಮಸುಮ್ಮನೆ ಹಾರುತ್ತಿತ್ತು!

ಉತ್ಪಾದನೆಯ ಗೆರೆಯನ್ನು ಜಮೀನಿನ ಗೆರೆಯ ಬದಲು ಬಳಸಬಹುದಾ? ಟನ್ ಲೆಕ್ಕ ಕಾರ್ಖಾನೆಯ ತಕ್ಕಡಿಯಿಂದ ಬರುತ್ತದೆ, ಅಲ್ಲಿ ಊಹೆ ಕಡಿಮೆ ಅಲ್ವಾ?

ಹಳೇಪುಸ್ತಕ
ಬೇಡ. 1960ರಲ್ಲಿ ‘ಕ್ಯಾರಲ್’ ಅನ್ನುವ ಚಂಡಮಾರುತ ಮಾರಿಷಸ್‌ಗೆ ಬಡಿಯಿತು. ಆ ವರ್ಷದ ಸಕ್ಕರೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗೆ. ಹೊಲ ಎಲ್ಲಿಗೂ ಹೋಗಿರಲಿಲ್ಲ. 1973ರಲ್ಲಿ ಅದೇ ದ್ವೀಪ 7.18 ಲಕ್ಷ ಟನ್ ತೆಗೆದು ದಾಖಲೆ ಮಾಡಿತು. ಎರಡು ವರ್ಷ ಬಿಟ್ಟು 1975ರಲ್ಲಿ ಮತ್ತೊಂದು ಚಂಡಮಾರುತ, ಮತ್ತೆ ಇಳಿತ. ಟನ್ ಗಾಳಿಯ ಮಾತು ಕೇಳುತ್ತದೆ. ಹೊಲ ಬೆಲೆಯ ಮಾತು ಕೇಳುತ್ತದೆ.

ಟೊರೊಂಟೊ_ಗೌಡ್ತಿ
ಎಲ್ಲರೂ ಕಬ್ಬು ಹೋಯಿತು ಅಂತ ಶೋಕ ಮಾಡುತ್ತಿದ್ದೀರಿ. ನನಗೆ ಅರ್ಥವಾಗದ್ದು ಅದು. ಬಾರ್ಬಡಾಸ್‌ನಲ್ಲಿ ಕಬ್ಬು ಅಂದರೆ ಗುಲಾಮಗಿರಿಯ ನೆನಪು. ನನ್ನ ಪಕ್ಕದ ಮನೆಯಾಕೆ ಹುಲ್ಲು ಬೆಳೆದದ್ದು ನೋಡಿ ಅಳಲಿಲ್ಲ. ‘ಒಳ್ಳೆಯದೇ ಆಯಿತು, ಆದರೆ ಗೆಣಸಾದರೂ ಹಾಕಬಾರದಾ’ ಅಂದರು. ಆ ‘ಆದರೆ’ ನನಗೆ ಮುಖ್ಯ. ಕಬ್ಬಿನ ಜಮೀನು ಇದ್ದಾಗಲೂ ಅಲ್ಲಿ ಊಟ ಹಡಗಿನಲ್ಲೇ ಬರುತ್ತಿತ್ತು. ಈಗಲೂ ಹಡಗಿನಲ್ಲೇ ಬರುತ್ತದೆ. ‘ಸಾಗುವಳಿ ಜಮೀನು ಕಡಿಮೆಯಾಯಿತು, ಆಹಾರ ಭದ್ರತೆ ಹೋಯಿತು’ ಅಂತ ಬರೆಯುವವರು ಕಬ್ಬನ್ನು ಊಟ ಅಂದುಕೊಂಡಿದ್ದಾರೆ.

ಮೋಕಾ_ರಸ್ತೆ
ನೂರಕ್ಕೆ ನೂರು ಒಪ್ಪಿದೆ. ಮಾರಿಷಸ್‌ನಲ್ಲಿ ದಿನಾ ಅನ್ನ ಉಣ್ಣುತ್ತಾರೆ, ಅಕ್ಕಿ ಹೆಚ್ಚುಕಡಿಮೆ ಪೂರ್ತಿ ಆಮದು. ಫರಾಟಾ ಮಾಡುವ ಹಿಟ್ಟಿನ ಗೋಧಿಯೂ ಆಮದು. ಆದರೆ ಒಂದು ತಿದ್ದುಪಡಿ. ಕಬ್ಬು ಹೊಸದಾಗಿ ನೆಟ್ಟಾಗ ಸಾಲುಗಳ ಮಧ್ಯೆ ಆಲೂಗಡ್ಡೆ ಹಾಕುವ ಪದ್ಧತಿ ಅಲ್ಲಿ ಇದೆ. ಕಬ್ಬು ಎತ್ತರವಾಗುವುದರೊಳಗೆ ಗಡ್ಡೆ ಕಿತ್ತುಬಿಡುತ್ತಾರೆ. ಆ ಆಲೂಗಡ್ಡೆಗೆ ಬೇರೆ ಜಮೀನು ಲೆಕ್ಕಕ್ಕೆ ಬರುವುದಿಲ್ಲ. ಹೊಸದಾಗಿ ನೆಡುವುದೇ ಕಡಿಮೆಯಾದರೆ ಆ ಸಾಲೂ ಕಡಿಮೆ. ನಿಮ್ಮ ಗ್ರಾಫ್‌ನಲ್ಲಿ ಅದು ಯಾವತ್ತೂ ಕಾಣುವುದಿಲ್ಲ.

ಟೀ ಕೂಡ ನೋಡಿ. ಮೇಲ್ನಾಡಿನ ಚಳಿ ಭಾಗದಲ್ಲಿ ಸಾವಿರಾರು ಹೆಕ್ಟೇರ್ ಟೀ ಇತ್ತು. 1990ರ ದಶಕದಲ್ಲಿ ಅದನ್ನು ಕಿತ್ತು ಕಬ್ಬು ಹಾಕಿಸಿದರು, ಯುರೋಪಿನ ಬೆಲೆ ಚೆನ್ನಾಗಿದೆ ಅಂತ. ಈಗ ಟೀ ಕೆಲವು ನೂರು ಹೆಕ್ಟೇರ್. ಹತ್ತು ಹದಿನೈದು ವರ್ಷದಲ್ಲಿ ಆ ಬೆಲೆಯೂ ಹೋಯಿತು.

ಕೂಳೆಕಬ್ಬು
ಆಲೂಗಡ್ಡೆ ಸಾಲು ಕೇಳಿ ಖುಷಿಯಾಯಿತು. ನಾವು ಕಬ್ಬಿನ ನಡುವೆ ಈರುಳ್ಳಿ, ಹುರುಳಿಕಾಯಿ ಹಾಕುತ್ತೇವೆ. ನಮ್ಮ ಪಹಣಿಯಲ್ಲೂ ಬರುವುದಿಲ್ಲ.

ಅಂದಹಾಗೆ ನಮ್ಮ ತಾತ ಒಂದು ಕಬ್ಬಿಗೆ ‘ಮಾರಿಷಸ್ ಕಬ್ಬು’ ಅನ್ನುತ್ತಿದ್ದರು. ಅದಕ್ಕೂ ಈ ದ್ವೀಪಕ್ಕೂ ಸಂಬಂಧ ಇದೆಯಾ?

ಹಳೇಪುಸ್ತಕ
ಇದೆ. ಕೆಂಪು ಮಾರಿಷಸ್ ಅನ್ನುವ ತಳಿ ದಕ್ಷಿಣ ಭಾರತದಲ್ಲಿ ಬಹಳ ಓಡಾಡಿದೆ. ಅದಕ್ಕೂ ಮೊದಲು 1827ರಲ್ಲಿ ಸ್ಲೀಮನ್ ಅನ್ನುವ ಬ್ರಿಟಿಷ್ ಅಧಿಕಾರಿ ಮಾರಿಷಸ್‌ನಿಂದ ದಪ್ಪ ಕಬ್ಬಿನ ತುಂಡುಗಳನ್ನು ಜಬಲ್ಪುರದ ಕಡೆಗೆ ತಂದಿದ್ದರು. ಜನ ಇಲ್ಲಿಂದ ಅಲ್ಲಿಗೆ ಹೋದರು, ಕಬ್ಬು ಅಲ್ಲಿಂದ ಇಲ್ಲಿಗೆ ಬಂತು.

ಬಾರ್ಬಡಾಸ್ ಋಣವೂ ನಮ್ಮ ಮೇಲೆ ಇದೆ. ಕಬ್ಬು ಬೀಜದಿಂದಲೂ ಹುಟ್ಟುತ್ತದೆ ಅನ್ನುವುದನ್ನು 1888ರ ಸುಮಾರಿಗೆ ಅಲ್ಲಿ ಹ್ಯಾರಿಸನ್ ಮತ್ತು ಬೋವೆಲ್ ತೋರಿಸಿಕೊಟ್ಟರು. ಜಾವಾದಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಲ್ಲಿಯವರೆಗೆ ಬರೀ ತುಂಡು ನೆಡುವುದು. ಬೀಜ ಸಿಕ್ಕಿದ್ದರಿಂದ ತಳಿ ಕೂಡಿಸುವುದು ಸಾಧ್ಯವಾಯಿತು. 1912ರಲ್ಲಿ ಕೊಯಮತ್ತೂರಿನ ಕೇಂದ್ರ ಶುರುವಾಗಿ, ಬಾರ್ಬರ್ ಮತ್ತು ವೆಂಕಟರಾಮನ್ ಸೇರಿ ಕಾಡುಕಬ್ಬಿನ ರಕ್ತ ಬೆರೆಸಿದ ಕೊ 205 ತಂದರು. ನಿಮ್ಮ ಹೊಲದಲ್ಲಿ ‘ಕೊ’ ಅಂತ ಶುರುವಾಗುವ ತಳಿ ಇದ್ದರೆ ಅದರ ಹಿಂದೆ ಆ 430 ಚದರ ಕಿ.ಮೀ. ದ್ವೀಪದ ಆ ಮೊಳಕೆಯೂ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕಬ್ಬಿನ ತಳಿ ಕೆಲಸ ಮಾಡಿಸಿದ ಕೋಲ್ಮನ್ ಕೆನಡಾದವರು. ಟೊರೊಂಟೊ ಅಕ್ಕ, ನಿಮಗೆ ಇದು.

ಟೊರೊಂಟೊ_ಗೌಡ್ತಿ
ಹೆಮ್ಮೆ ಪಡಬೇಕಾ, ಬಾಡಿಗೆ ಕೇಳಬೇಕಾ ಗೊತ್ತಾಗುತ್ತಿಲ್ಲ.

ಸಕ್ಕರೆಕಡ್ಡಿ
ಗ್ರಾಫ್ ಮತ್ತೆ ಹಾಕಿದ್ದೇನೆ. ಈ ಸಲ ಒಂದೇ ಗೆರೆ ಅಲ್ಲ. ಶೇಕಡಾ ತೆಗೆದು ಹೆಕ್ಟೇರ್ ಇಟ್ಟೆ. ಬಾರ್ಬಡಾಸ್‌ನ ಹಳೆಯ ಚಪ್ಪಟೆ ಭಾಗಕ್ಕೆ ಚುಕ್ಕಿ ಗೆರೆ, ನಂಬಿಕೆ ಕಡಿಮೆ ಅನ್ನುವುದಕ್ಕೆ. ಮಾರಿಷಸ್‌ಗೆ ಎರಡು ಗೆರೆ: ಮೇಲೆ ಸಾಗುವಳಿ ಜಮೀನು, ಕೆಳಗೆ ಕಟಾವಾದ ಕಬ್ಬು. ನಡುವಿನ ಜಾಗಕ್ಕೆ ತಿಳಿ ಬೂದು ಬಣ್ಣ. ಮೊದಲು ಆ ಬೂದು ಪಟ್ಟಿ ಸಣ್ಣದು, 2005ರ ನಂತರ ಅಗಲವಾಗುತ್ತಾ ಹೋಗುತ್ತದೆ. ಅದರೊಳಗೆ ತರಕಾರಿಯೂ ಇದೆ, ಮೋಕಾ_ರಸ್ತೆ ಹೇಳಿದ ಬೆರಳು ದಪ್ಪದ ಕಬ್ಬೂ ಇದೆ. ರೆಸಾರ್ಟ್ ಅಂತ ಮೊದಲು ಬರೆದಿದ್ದ ಸಾಲು ಅಳಿಸಿದೆ.

ಬೂದು ಪಟ್ಟಿಗೆ ಹೆಸರು ಬೇಕಿತ್ತು. ‘ಬೀಳು’ ಅಂತ ಬರೆದೆ.

ಅದನ್ನು ಬರೆಯುವಾಗ ತಲೆಗೆ ಬಂತು, ಊರಲ್ಲಿ ನಮ್ಮದೂ ಒಂದು ಎಕರೆ ಇಪ್ಪತ್ತು ಗುಂಟೆ ಇದೆ. ಆನ್‌ಲೈನ್‌ನಲ್ಲಿ ಪಹಣಿ ತೆಗೆದೆ. ಕಬ್ಬು ಅಂತಿದೆ. ಅಮ್ಮನಿಗೆ ಫೋನ್ ಮಾಡಿ ‘ಕಬ್ಬು ಹೇಗಿದೆ’ ಅಂದೆ. ‘ಯಾವ ಕಬ್ಬೋ, ನಿಮ್ಮಪ್ಪ ಹೋದ ಮೇಲೆ ಯಾರು ಹಾಕಿದ್ದಾರೆ’ ಅಂದರು. ನಾಲ್ಕು ವರ್ಷ ಆಯಿತು.

ಗೆರೆಗಣಿತ
ಎಫ್‌ಎಒ ಪ್ರಕಾರ ಇನ್ನೂ ಒಂದು ವರ್ಷ ಅದು ಉಳುಮೆ ಜಮೀನೇ.

ಕೂಳೆಕಬ್ಬು
ಆ ವರ್ಷ ಮುಗಿಯುವುದರೊಳಗೆ ಹೇಳಿ. ನೀರಿದ್ದರೆ ಪಾಲಿಗೆ ಮಾಡುವವರು ನಮ್ಮ ಕಡೆ ಇಬ್ಬರು ಇದ್ದಾರೆ. ಕಬ್ಬು ಬೇಡ ಅಂತಾರೆ, ಕಡಿಯುವ ಗ್ಯಾಂಗ್ ಸಿಗಲ್ವಲ್ಲ. ರಾಗಿ ಹಾಕ್ತಾರಂತೆ.